‘ಕರಕೊಂಡು ಹೋದ’ ಎಂಬ ಸುಳ್ಳು

ಲಡಾಖದಿಂದ ನಮ್ಮೂರು ಯರಗುಪ್ಪಿಗೆ ಮರಳಿದ ಮರುದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಮನೆಯವರನ್ನು ಹತ್ತಿರ ಕರೆದು ಬೆನ್ನು ತಟ್ಟಿದರು. “ಶಾಬಾಸ್ ತಮ್ಮಾ! ಅಷ್ಟ ದೂರ ಹೇಣ್ತಿನ್ನ ಗಾಡಿ ಮ್ಯಾಲ ಕರ್ಕೊಂಡ ಹೋಗಿ, ಸುಸೂತ್ರ ಕರ್ಕೊಂಡ ಬಂದಿ ನೋಡ.” ಅದೇ ಸಂಜೆ ನಮ್ಮ ಮನೆಯವರ ದೊಡ್ಡವ್ವ ಮನೆಗೆ ಬಂದು, ಅವರನ್ನೇ ಎದುರಿಗೆ ಕೂರಿಸಿಕೊಂಡು ಬೈದರು. “ನಿನ್ನ ಬುದ್ಧಿ ಎಲ್ಲಿ ಹೋಗಿತ್ತೋ? ಹೆಣ್ಮಗಳನ್ನ ಅಂಥಾ ಗುಡ್ಡಕ್ಕ ಕರ್ಕೊಂಡ ಹೋಗ್ತಾರೇನ? ಏನರ ಆಗಿದ್ದರ ಅಕಿ ತವರಮನಿಯವರಿಗೆ ಏನ ಹೇಳತಿದ್ದಿ?”

ಒಬ್ಬರದು ಹೊಗಳಿಕೆ, ಇನ್ನೊಬ್ಬರದು ಬೈಗುಳ. ಇಬ್ಬರೂ ಮಾತಾಡಿದ್ದು ಮಾತ್ರ ನಮ್ಮ ಮನೆಯವರೊಂದಿಗೇ. ಇಬ್ಬರ ಬಾಯಲ್ಲೂ ಒಂದೇ ಮಾತು: ಕರಕೊಂಡು ಹೋದ. ಇಪ್ಪತ್ತೆರಡು ದಿನ, ಹೋಗಿಬರಲು ಆರು ಸಾವಿರ ಕಿಲೋಮೀಟರಿಗೆ ಹತ್ತಿರದ ದಾರಿ, ಹದಿನೇಳು ಸಾವಿರ ಅಡಿ ಮೀರಿದ ಎರಡು ಘಟ್ಟಗಳು. ಇದೆಲ್ಲ ನನ್ನ ಮೈಮೇಲೂ ಹಾದುಹೋಗಿತ್ತು. ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ. ನನ್ನ ಪಾಲಿಗೆ ಬಂದ ಪ್ರಶ್ನೆ ಒಂದೇ: “ಅಂಜಿಕಿ ಬರಲಿಲ್ಲೇನವಾ?”

ಈ ಲೇಖನ ಆ ‘ಕರಕೊಂಡು ಹೋದ’ ಎಂಬ ಮಾತಿನ ವಿರುದ್ಧ. ಗಂಡ ಹೆಂಡತಿ ಬೈಕಿನ ಮೇಲೆ ಎತ್ತರದ ಬೆಟ್ಟಗಳಿಗೆ ಹೋಗಿಬಂದರೆ ಅದು ಗಂಡನ ಪ್ರಯಾಣ, ಗಂಡನ ಸಾಹಸ ಅಥವಾ ಗಂಡನ ಹುಚ್ಚು. ಹೆಂಡತಿ ಆ ಗಾಡಿಯ ಮೇಲಿನ ಹೊರೆ, ಸುರಕ್ಷಿತವಾಗಿ ಒಯ್ದು ಸುರಕ್ಷಿತವಾಗಿ ತರಬೇಕಾದ ಒಡವೆ. ಹೀಗೆಂದು ನಮ್ಮ ಊರು ನಂಬಿದೆ, ಹುಬ್ಬಳ್ಳಿ ನಂಬಿದೆ, ಬೆಂಗಳೂರೂ ನಂಬಿದೆ. ಇದು ಹೆಣ್ಣಿಗೆ ಮಾಡಿದ ಅನ್ಯಾಯ ಎಂದು ಸುಮ್ಮನೆ ದೂರಿ ಕೂರಲಾರೆ. ಅನ್ಯಾಯದ ಮಾತು ಆಮೇಲಿನದು. ಮೊದಲನೆಯದಾಗಿ ಇದು ಸುಳ್ಳು. ಬೈಕು ಹೇಗೆ ಓಡುತ್ತದೆ, ಬೆಟ್ಟ ಮೈಗೆ ಏನು ಮಾಡುತ್ತದೆ, ಇಬ್ಬರ ಪಯಣದಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಬಲ್ಲ ಯಾರೂ ಆಡಲಾಗದ ಮಾತು.

ನಮ್ಮ ಎರೆಹೊಲದಿಂದಲೇ ಶುರು ಮಾಡುತ್ತೇನೆ. ಟ್ರ್ಯಾಕ್ಟರ್ ಬರುವ ಮುಂಚೆ ಈ ಸೀಮೆಯಲ್ಲಿ ಬಿತ್ತಿಗೆ ನಡೆಯುತ್ತಿದ್ದುದು ಕೂರಿಗೆಯಿಂದ. ಈಗಲೂ ಕೆಲವು ಹೊಲಗಳಲ್ಲಿ ನಡೆಯುತ್ತದೆ. ಎತ್ತು ಹೊಡೆಯುವವನು ಗಂಡಸು. ಹಿಂದೆ ನಡೆಯುತ್ತ, ಉಡಿಯಲ್ಲಿ ಜೋಳವನ್ನೋ ಕಡಲೆಯನ್ನೋ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಬೀಜ ಬಿಡುವವಳು ಹೆಂಗಸು. ಆಕೆಯ ಕೈ ಜೋರಾದರೆ ಸಾಲು ಒತ್ತಾಗುತ್ತದೆ, ತಡವಾದರೆ ಸಾಲು ಖಾಲಿ ಬೀಳುತ್ತದೆ. ಎತ್ತಿನ ಹೆಜ್ಜೆಗೂ ಬೆರಳಿನ ಸಂದಿಗೂ ಲಯ ತಪ್ಪದಂತೆ ಇಡೀ ದಿನ ನಡೆಯಬೇಕು. ಬೆಳೆಯ ಹಣೆಬರಹ ಬರೆಯುವುದು ಹಿಂದಿನವಳ ಕೈ. “ಹೇಣ್ತಿನ್ನ ಬಿತ್ತಿಗೆಗೆ ಕರ್ಕೊಂಡ ಹೋದ” ಎಂದು ಅಂದರೆ ಯಾವ ರೈತನೂ ಒಪ್ಪುವುದಿಲ್ಲ. ಅವಳಿಲ್ಲದಿದ್ದರೆ ಬಿತ್ತಿಗೆಯೇ ಇಲ್ಲ ಎಂದು ಅವನಿಗೆ ಗೊತ್ತು. ಹಿಂದೆ ಇರುವವರು ಹೊರೆ ಅಲ್ಲ ಎಂಬುದನ್ನು ನಮ್ಮ ಹೊಲ ನೂರಾರು ವರ್ಷಗಳ ಹಿಂದೆಯೇ ಕಲಿಸಿದೆ. ಆ ಪಾಠವನ್ನು ಬೈಕಿನ ಮೇಲೆ ಕೂತ ಕೂಡಲೇ ಮರೆಯುತ್ತೇವೆ.

ಬೈಕಿನ ಹಿಂದಿನ ಸೀಟು ಎಂದರೆ ಏನು? ಮುಂದಿನವರು ಎರಡು ಗಾಲಿಗಳ ನಡುವೆ ಕೂರುತ್ತಾರೆ. ಹಿಂದಿನವರು ಕೂರುವುದು ಹೆಚ್ಚುಕಡಿಮೆ ಹಿಂದಿನ ಗಾಲಿಯ ಅಚ್ಚಿನ ಮೇಲೆಯೇ. ತಗ್ಗು ಬಂದರೆ ಮುಂದಿನವರಿಗೆ ಅರ್ಧ ಪೆಟ್ಟು, ಹಿಂದಿನವರಿಗೆ ಪೂರ್ತಿ ಪೆಟ್ಟು. ಅದೂ ಮುಂದಿನವರು ತಗ್ಗನ್ನು ನೋಡಿ ಮೈ ಬಿಗಿಹಿಡಿದಿರುತ್ತಾರೆ. ಹಿಂದಿನವರಿಗೆ ಅದು ಕಾಣುವುದೇ ಇಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ಹಿಂದೆ ಕೂತವರು ಹೆದರಿ ಎದುರು ದಿಕ್ಕಿಗೆ ವಾಲಿದರೆ ಗಾಡಿ ಅಂಚಿಗೆ ಸರಿಯುತ್ತದೆ. ಇಬ್ಬರ ಮೈ ಒಂದೇ ಮೈಯಾಗಿ ವಾಲಬೇಕು. ಮನಾಲಿ–ಲೇಹ್ ದಾರಿಯಲ್ಲಿ ಗಾಟಾ ಲೂಪ್ಸ್ ಎಂಬಲ್ಲಿ ಒಂದರ ಮೇಲೊಂದು 21 ತಿರುವುಗಳಿವೆ. ಆ 21 ತಿರುವುಗಳಲ್ಲೂ ಗಾಡಿಯನ್ನು ಇಬ್ಬರೂ ತಿರುಗಿಸಿದೆವು. ಒಬ್ಬರು ಹ್ಯಾಂಡಲಿನಿಂದ, ಇನ್ನೊಬ್ಬರು ಸೊಂಟದಿಂದ.

ಸೊಂಟದ ಮಾತು ಬಂದಾಗ ಕಾಲಿನ ಮಾತನ್ನೂ ಹೇಳಬೇಕು. ನಮ್ಮಲ್ಲಿ ಹೆಂಗಸು ಬೈಕಿನ ಮೇಲೆ ಒಂದು ಕಡೆ ಕಾಲು ಹಾಕಿ ಕೂರಬೇಕು ಎಂಬುದು ಹೇಳದೆ ನಡೆದುಬಂದ ಕಟ್ಟಳೆ. ಹಾಗೆ ಕೂತವಳಿಗೆ ಹಿಡಿಯಲು ಒಂದೇ ಕೈ, ಊರಲು ಒಂದೇ ಕಾಲು; ಗಾಡಿಯ ತೂಕವೆಲ್ಲ ಒಂದು ಪಕ್ಕಕ್ಕೆ. ಸೆರಗೋ ವೇಲೋ ಗಾಲಿಗೆ ಸಿಕ್ಕು ಬಿದ್ದವರು ಪ್ರತಿ ಊರಲ್ಲೂ ಇದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿ ಮೋಟಾರ್‌ಸೈಕಲ್ಲಿಗೆ ಹಿಂದಿನವರಿಗೆಂದು ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಗಾಲಿಯ ಅರ್ಧದಷ್ಟನ್ನಾದರೂ ಮುಚ್ಚುವ ಜಾಲರಿ ಇರಬೇಕು ಎನ್ನುತ್ತವೆ. ಆ ಜಾಲರಿಗೆ ನಾವು ಸೀರೆ ಗಾರ್ಡ್ ಎನ್ನುತ್ತೇವೆ. ಹಿಂದೆ ಕೂರುವ ಜೀವ ಒಂದಿದೆ ಎಂದು ಕಾಯಿದೆಗೆ ಗೊತ್ತು. ನಾನು ಎರಡೂ ಕಡೆ ಕಾಲು ಹಾಕಿ ಕೂತು ಊರು ಬಿಟ್ಟಾಗ, “ಗಂಡಸಿನಂಗ ಕುಂತಾಳ” ಎಂದು ಅಂದವರಿದ್ದಾರೆ. ನಾನು ಕೂತದ್ದು ಗಾಡಿಯ ಮೇಲೆ ಹೇಗೆ ಕೂರಬೇಕೋ ಹಾಗೆ. ಬೆಟ್ಟದ ಮೇಲೆ ಹೊರೆಯಾಗಿ ಬೀಳುವವಳು ಒಂದು ಕಡೆ ಕಾಲು ಹಾಕಿದವಳು. ಅವಳನ್ನು ಹಾಗೆ ಕೂರಿಸಿದ್ದು ಈ ಕಟ್ಟಳೆಯೇ.

ಇನ್ನು ಎತ್ತರದ ವಿಷಯ. ‘ಕರಕೊಂಡು ಹೋದ’ ಎಂಬ ಮಾತು ಅತ್ಯಂತ ಅಪಾಯಕಾರಿಯಾಗುವುದು ಇಲ್ಲಿ.

ನಾವು ಎರಡು ಸಾವಿರ ಅಡಿ ಚಿಲ್ಲರೆ ಎತ್ತರದಲ್ಲಿ ಹುಟ್ಟಿ ಬೆಳೆದವರು. ಲೇಹ್ ಪಟ್ಟಣ ಸುಮಾರು 11,500 ಅಡಿಯಲ್ಲಿದೆ. ಅದಕ್ಕೂ ಮೊದಲು ದಾಟಬೇಕಾದ ತಂಗ್ಲಾಂಗ್ ಲಾ ಘಟ್ಟ ಸುಮಾರು 17,480 ಅಡಿ. ಅಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಮೈ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ಅವಸರ ಮಾಡಿದರೆ ಮೊದಲು ತಲೆನೋವು, ವಾಕರಿಕೆ, ನಿದ್ದೆಗೇಡು. ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಎರಡೂ ಒಂದೆರಡು ದಿನದಲ್ಲಿ ಕೊಲ್ಲಬಲ್ಲವು. ಮಿದುಳಿನ ಊತದ ಮೊದಲ ಗುರುತು ಮಾತಿನ ಗೊಂದಲ, ಹೆಜ್ಜೆಯ ತಡವರಿಕೆ. ಗೊಂದಲಕ್ಕೆ ಒಳಗಾದವನಿಗೆ ತಾನು ಗೊಂದಲದಲ್ಲಿದ್ದೇನೆ ಎಂದು ಗೊತ್ತಾಗುವುದಿಲ್ಲ. ಅದನ್ನು ಕಾಣಬೇಕಾದವರು ಜೊತೆಗಿರುವವರು. ಅದಕ್ಕೇ ಎತ್ತರದ ಕಾಯಿಲೆ ಕಂಡವರನ್ನು ಒಂಟಿಯಾಗಿ ಬಿಡಬೇಡಿ ಎಂದು ವೈದ್ಯರು ಹೇಳುವುದು.

ಲಾಹೌಲಿನ ಜಿಸ್ಪಾದಲ್ಲಿ ನಾವು ತಂಗಿದ್ದೆವು. ಅದು ಸುಮಾರು 3,200 ಮೀಟರ್ ಎತ್ತರ. 2020ರ ಅಕ್ಟೋಬರ್ 3ರಂದು ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ ಬಂದ ಮೇಲೆ ಮನಾಲಿಯಿಂದ ಅಲ್ಲಿಗೆ ಅರ್ಧ ದಿನ ಸಾಕು. ದಾರಿ ಬೇಗ ಸಾಗುತ್ತದೆ. ಮೈ ಅಷ್ಟು ಬೇಗ ಸಾಗುವುದಿಲ್ಲ. ಬೆಳಿಗ್ಗೆ ಎದ್ದಾಗ ನಮ್ಮ ಮನೆಯವರ ಮುಖ ಊದಿಕೊಂಡಿತ್ತು, ತಲೆ ಸಿಡಿಯುತ್ತಿತ್ತು. “ಏನೂ ಆಗಿಲ್ಲ, ನಡಿ, ಸರ್ಚುಕ್ಕ ಹೋಗಿ ಮಲಗೂಣು” ಎಂದರು. ಸರ್ಚು ಇರುವುದು ಸುಮಾರು 4,300 ಮೀಟರಿನಲ್ಲಿ. ಎರಡೂ ಪಕ್ಕ ಅದಕ್ಕಿಂತ ಎತ್ತರದ ಘಟ್ಟಗಳು. ರಾತ್ರಿ ಅಲ್ಲಿ ಮೈ ಕೆಟ್ಟರೆ ಕೆಳಗಿಳಿಯಬೇಕಾದವರು ಮೊದಲು ಇನ್ನೂ ಮೇಲೆ ಹತ್ತಬೇಕು. ಇದನ್ನು ಹೊರಡುವ ಮುಂಚೆ ಓದಿ ತಿಳಿದುಕೊಂಡಿದ್ದವಳು ನಾನು. “ಇವತ್ತ ಹೊಂಡೂದಿಲ್ಲ” ಎಂದೆ. ಅವರು ಸಿಟ್ಟಾದರು, ಗಾಡಿಗೆ ಚೀಲ ಕಟ್ಟತೊಡಗಿದರು. ನಾನು ಕಟ್ಟಿದ್ದನ್ನು ಬಿಚ್ಚಿದೆ. ಇಡೀ ದಿನ ನೀರು ಕುಡಿಯುತ್ತ, ಭಾಗಾ ಹೊಳೆಯ ದಂಡೆಯಲ್ಲಿ ಕೂತಿದ್ದೆವು. ಮರುದಿನ ಬೆಳಿಗ್ಗೆ ತಲೆನೋವು ಇಳಿದಿತ್ತು. ಆಮೇಲೆ ಹೊರಟೆವು.

ಆ ದಿನ ಯಾರು ಯಾರನ್ನು ಕರಕೊಂಡು ಹೋದರು? ಇದನ್ನು ನನ್ನ ಹೆಚ್ಚುಗಾರಿಕೆ ಎಂದು ಹೇಳುತ್ತಿಲ್ಲ. ಮುಂದೆ ತಂಗ್ಲಾಂಗ್ ಲಾದಲ್ಲಿ ನನಗೆ ಉಸಿರು ಕಟ್ಟಿದಂತಾಗಿ ಕೈ ನಡುಗಿದಾಗ, ಐದು ನಿಮಿಷವೂ ನಿಲ್ಲದೆ ಕೆಳಗಿಳಿಸಿದವರು ಅವರೇ. ಇಬ್ಬರಿದ್ದರೆ ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ ಇರುತ್ತದೆ. ಆದರೆ ಹೆಂಡತಿ ಹೊರೆ ಎಂದು ನಂಬಿದ ಮನೆಯಲ್ಲಿ ಹೆಂಡತಿಯ ಕಣ್ಣಿಗೆ ಬೆಲೆ ಇಲ್ಲ. ‘ಹೊರಡುವುದು ಬೇಡ’ ಎಂದು ಹೊರೆ ಹೇಳುವುದಿಲ್ಲ. ಹೊರೆ ಹೇಳಿದರೂ ಸವಾರ ಕೇಳುವುದಿಲ್ಲ. ‘ಕರಕೊಂಡು ಹೋದ’ ಎಂಬ ಮಾತು ಹೆಣ್ಣಿನ ಬಾಯಿ ಮುಚ್ಚಿಸುತ್ತದೆ. ಬೆಟ್ಟದ ಮೇಲೆ ಆ ಬಾಯಿ ಮುಚ್ಚಿದರೆ ಗಂಡಿನ ಜೀವಕ್ಕೂ ಆಪತ್ತು. ದೊಡ್ಡವ್ವ ಬೈದದ್ದು ಮಗನ ಮೇಲಿನ ಪ್ರೀತಿಯಿಂದ. ಆ ಪ್ರೀತಿ ಸಾರ್ಥಕವಾಗಬೇಕಾದರೆ ಅವರು ಮೊದಲು ಬಿಡಬೇಕಾದದ್ದು ಈ ಮಾತನ್ನು.

ಹಿಂದೆ ಕೂತವರ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಎತ್ತರದಲ್ಲಿ ಎಂಜಿನ್ನಿಗೂ ಅದೇ ತೆಳುಗಾಳಿ. ಹೊಲಕ್ಕೂ ಸಂತೆಗೂ ಓಡುವ ನಮ್ಮ 150 ಸಿ.ಸಿ. ಗಾಡಿ ಕಡಿದಾದ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ನಾನು ಇಳಿದು ನಡೆದೆ. ಹತ್ತು ಹೆಜ್ಜೆ ನಡೆದು ನಿಂತು, ಮತ್ತೆ ಹತ್ತು ಹೆಜ್ಜೆ. ದಾರಿಗೆ ಅಡ್ಡ ಹರಿಯುವ ಹಳ್ಳಗಳಲ್ಲಿ ಮೊದಲು ಕಾಲಿಟ್ಟವಳು ನಾನು. ಕಲ್ಲು ಎಲ್ಲಿದೆ, ಆಳ ಎಲ್ಲಿದೆ ಎಂದು ನೋಡಿ ಕೈ ತೋರಿಸಿದ ಮೇಲೆ ಗಾಡಿ ಇಳಿಯುತ್ತಿತ್ತು. ಮೇಲೆ ಬಿದ್ದ ಮಳೆ ಕಾಣದೆ ಹಳ್ಳಕ್ಕೆ ಇಳಿಯಬಾರದು ಎಂಬುದು ಬೆಣ್ಣಿಹಳ್ಳದ ಸೀಮೆಯವರಾದ ನಮಗೆ ಹುಟ್ಟಿನಿಂದ ಗೊತ್ತು. ಅಲ್ಲಿ ಮಳೆಯ ಜಾಗದಲ್ಲಿ ಬಿಸಿಲು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ, ಬೆಳಿಗ್ಗೆ ಬೇಗ ದಾಟಬೇಕು. ತಾಂಡಿಯ ಪೆಟ್ರೋಲ್ ಪಂಪಿನಲ್ಲಿ ‘ಮುಂದಿನ ಪಂಪು 365 ಕಿ.ಮೀ.’ ಎಂಬ ಫಲಕವಿತ್ತು. ಕ್ಯಾನಿನಲ್ಲಿ ಎಷ್ಟು ಉಳಿದಿದೆ, ಎಷ್ಟು ದೂರ ಬಂದೆವು ಎಂಬ ಲೆಕ್ಕ ನನ್ನ ಚೀಟಿಯಲ್ಲಿತ್ತು. ಇಷ್ಟೆಲ್ಲ ಮಾಡುವುದನ್ನು ಹೊರೆ ಎನ್ನುವುದಾದರೆ ಹೊರೆ ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

“ಏನರ ಆಗಿದ್ದರ?” ಎಂಬ ದೊಡ್ಡವ್ವನ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಬೈಕು ಅಪಾಯದ ವಾಹನ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44 ಮಂದಿಗೂ ಹೆಚ್ಚು ದ್ವಿಚಕ್ರ ವಾಹನದ ಮೇಲಿದ್ದವರು. ಇವರಲ್ಲಿ ಬಹುಪಾಲು ಜನ ಸತ್ತದ್ದು ದಿನವೂ ಓಡಾಡುವ ರಸ್ತೆಗಳ ಮೇಲೆ. ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಹೊರಟಾಗ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಹತ್ತಿರ, ನಮ್ಮದೇ ಬೈಪಾಸಿನಲ್ಲಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಬಡಿದದ್ದನ್ನು ಈ ಜಿಲ್ಲೆ ಮರೆತಿಲ್ಲ. ಸಾವು ಹಿಮಾಲಯದಲ್ಲಿ ಮಾತ್ರ ಕೂತಿಲ್ಲ. ಹಿಮಾಲಯದ ಹೆಸರು ಕೇಳಿದರೆ ಎದೆ ಹಿಡಿದುಕೊಳ್ಳುವ ನಾವೇ, ತಲೆಗೆ ಏನೂ ಇಲ್ಲದ ಹೆಂಡತಿಯನ್ನು ಒಂದು ಕಡೆ ಕೂರಿಸಿ, ಆಕೆಯ ತೊಡೆಯ ಮೇಲೊಂದು ಮಗು, ಮುಂದೆ ಟ್ಯಾಂಕಿನ ಮೇಲೊಂದು ಮಗು ಇಟ್ಟುಕೊಂಡು ಕುಂದಗೋಳಕ್ಕೂ ಹುಬ್ಬಳ್ಳಿಗೂ ಹೋಗಿಬರುತ್ತೇವೆ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೆಂದು ಕರ್ನಾಟಕದಲ್ಲಿ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಯರಗುಪ್ಪಿಯ ಎಷ್ಟು ಮನೆಗಳಲ್ಲಿ ಎರಡನೆಯ ಹೆಲ್ಮೆಟ್ ಇದೆ? ಎರಡನೆಯ ತಲೆಗೆ ಬೆಲೆ ಕೊಡದವರ ಚಿಂತೆಯನ್ನು ನಾನು ಅರ್ಧ ಮಾತ್ರ ನಂಬಬಲ್ಲೆ. ಬೆಟ್ಟಕ್ಕೆ ಹೊರಟಾಗ ನಾವು ಮೊದಲು ಕೊಂಡದ್ದು ಆ ಎರಡನೆಯ ಹೆಲ್ಮೆಟ್ಟನ್ನು. ಈಗ ಅದು ಸಂತೆಗೂ ಬರುತ್ತದೆ.

ಇದಕ್ಕಿಂತ ಭಾರವಾದ ಒಂದು ಆಕ್ಷೇಪವಿದೆ. ನಮ್ಮ ಕುಂದಗೋಳ ತಾಲ್ಲೂಕಿನವರು ಮಾತ್ರ ಎತ್ತಬಹುದಾದ ಆಕ್ಷೇಪ. ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರನ್ನು ಹೂತುಹಾಕಿತು. ಆರು ದಿನದ ನಂತರ ಹಿಮ ಕೊರೆದಾಗ ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ದೇಶ ಉಸಿರು ಹಿಡಿದು ಕಾಯಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಬೆಟದೂರಿನ ಎರೆಮಣ್ಣಿಗೆ ಮರಳಿದರು. “ನಮ್ಮ ಸೀಮಿ ಹುಡುಗ ಜೀವ ಕೊಟ್ಟ ಗುಡ್ಡಕ್ಕ ನೀವು ಮೋಜಿಗೆ ಹೋಗೂದಾ?” ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಕರ್ತವ್ಯಕ್ಕೆ ಹೋದವರ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳುವ ಮಾತೇ ಇಲ್ಲ. ಆದರೆ ಬೆಟ್ಟವನ್ನು ಕಾಣದೆ ಕೂತರೆ ಅವರಿಗೆ ಗೌರವ ಸಲ್ಲಿಸಿದಂತಾಗುತ್ತದೆಯೇ? ಲೇಹ್ ದಾಟಿ ಖಾರ್ದುಂಗ್ ಲಾದಲ್ಲಿ ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಎದೆ ಡೋಲಿನಂತೆ ಬಡಿಯುತ್ತಿತ್ತು. ಆ ಘಟ್ಟದ ಆಚೆ ನುಬ್ರಾ ಕಣಿವೆ, ಅದರ ತಲೆಯಲ್ಲಿ ಸಿಯಾಚಿನ್. ಹನುಮಂತಪ್ಪನವರ ಠಾಣೆ ನಾನು ನಿಂತ ಜಾಗಕ್ಕಿಂತ ಎರಡು ಸಾವಿರ ಅಡಿ ಮೇಲಿತ್ತು. ಅವರು ಅಲ್ಲಿ ದಿನಗಳನ್ನು ಕಳೆದದ್ದು, ಹಿಮದ ಅಡಿ ಆರು ದಿನ ಉಸಿರು ಹಿಡಿದದ್ದು ಏನು ಎಂಬುದು ನನಗೆ ಆ ಹತ್ತು ಹೆಜ್ಜೆಯಲ್ಲಿ ತಿಳಿಯಿತು. ಸುದ್ದಿ ಓದಿ ಅತ್ತಾಗ ತಿಳಿದಿರಲಿಲ್ಲ. ಬೆಟ್ಟಕ್ಕೆ ಹೋಗುವವನು ಗಂಡು, ಕೆಳಗೆ ಕಾಯುವವಳು ಹೆಣ್ಣು. ಸೈನಿಕರ ಮನೆಗಳಲ್ಲಿ ಈ ಹಂಚಿಕೆ ಕರ್ತವ್ಯ ತಂದ ನೋವು. ಆ ನೋವನ್ನೇ ಎಲ್ಲ ಹೆಂಗಸರಿಗೂ ನಿಯಮ ಮಾಡಿಬಿಟ್ಟರೆ ನಾವು ಅವರ ತ್ಯಾಗವನ್ನು ಅರ್ಥ ಮಾಡಿಕೊಂಡಂತಲ್ಲ. ಅವರು ಕಾದ ನೆಲವನ್ನು ಈ ತಾಲ್ಲೂಕಿನ ಹೆಣ್ಣುಮಕ್ಕಳೂ ಕಣ್ಣಾರೆ ಕಾಣಬೇಕು.

ಈಗ ಪೇಟೆಯವರ ಆಕ್ಷೇಪ. “ಸಮಾನತೆಯ ಮಾತಾಡುವವಳು ಹಿಂದೆ ಯಾಕೆ ಕೂತಳು? ತನ್ನದೇ ಗಾಡಿ ಓಡಿಸಲಿ” ಎನ್ನುತ್ತಾರೆ. ಓಡಿಸುವವರು ಓಡಿಸುತ್ತಿದ್ದಾರೆ. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಆಸ್ಟ್ರೇಲಿಯಾದ ಸಿಡ್ನಿಯ ದಾರಿ ಹಿಡಿದದ್ದು ಬೈಕಿನ ಮೇಲೆಯೇ. ಹುಬ್ಬಳ್ಳಿಯವರೇ ಆದ ನಂದಿತಾ ನಾಗನಗೌಡರ 2016ರಲ್ಲಿ ಎವರೆಸ್ಟ್ ಏರಿದರು. ಅವರನ್ನು ನೋಡಿ ನಮ್ಮ ಹುಡುಗಿಯರು ಹ್ಯಾಂಡಲ್ ಹಿಡಿಯಲಿ, ನಾನೂ ಕಲಿಯುತ್ತಿದ್ದೇನೆ. ಆದರೆ ಹ್ಯಾಂಡಲ್ ಹಿಡಿದರೆ ಮಾತ್ರ ಪ್ರಯಾಣ ಎಂಬ ವಾದಕ್ಕೆ ನಾನು ಒಪ್ಪುವುದಿಲ್ಲ. ಅದು ‘ಕರಕೊಂಡು ಹೋದ’ ಎಂಬುದರ ಇನ್ನೊಂದು ಮುಖ. ಎರಡೂ ಹಿಂದಿನ ಸೀಟು ಖಾಲಿ ಎಂದೇ ತಿಳಿಯುತ್ತವೆ.

ತನ್ನದೇ ಗಾಡಿ ಓಡಿಸಿದರೆ ಹೆಣ್ಣು ಕಣ್ಣಿಗೆ ಬೀಳುತ್ತಾಳೆಯೇ? ಅಮೆರಿಕದ ಹೂಡಿಕೆದಾರ ಜಿಮ್ ರೋಜರ್ಸ್ ಮತ್ತು ಆತನ ಸಂಗಾತಿ ತಬಿಥಾ ಎಸ್ಟಾಬ್ರೂಕ್ 1990ರಿಂದ 1992ರವರೆಗೆ ಬೈಕುಗಳ ಮೇಲೆ ಜಗತ್ತು ಸುತ್ತಿದರು. ತಬಿಥಾ ಕೂತದ್ದು ಆತನ ಹಿಂದೆ ಅಲ್ಲ, ಓಡಿಸಿದ್ದು ತನ್ನದೇ ಗಾಡಿ. ಆ ಪಯಣದ ಬಗ್ಗೆ 1994ರಲ್ಲಿ ಬಂದ ‘ಇನ್ವೆಸ್ಟ್‌ಮೆಂಟ್ ಬೈಕರ್’ ಪುಸ್ತಕದ ಉಪಶೀರ್ಷಿಕೆಯಲ್ಲಿರುವುದು ಜಿಮ್ ರೋಜರ್ಸ್ ಹೆಸರು. ಎರಡು ಗಾಡಿಗಳಿದ್ದರೂ ಹೆಸರು ಒಂದೇ. ನಮ್ಮಲ್ಲೂ ನೋಡಿ. ಮೈಸೂರಿನ ಕೃಷ್ಣಕುಮಾರ್ 2018ರಲ್ಲಿ ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಮೇಲೆ ತಾಯಿ ಚೂಡಾರತ್ನಮ್ಮನವರೊಂದಿಗೆ ದೇಶ ಸುತ್ತಲು ಹೊರಟರು. ಆ ಮಗನ ಮೇಲೆ ನನಗೆ ಅಪಾರ ಗೌರವ. ನಾಡೆಲ್ಲ ಅವರನ್ನು ಶ್ರವಣಕುಮಾರ ಎಂದು ಕೊಂಡಾಡಿತು. ಆದರೆ ಎಪ್ಪತ್ತರ ಆಸುಪಾಸಿನಲ್ಲಿ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಸಾವಿರಾರು ಕಿಲೋಮೀಟರ್ ಕೂತು ಬಂದ ಆ ತಾಯಿಯ ಬೆನ್ನೆಲುಬಿಗೆ, ಮನೋಬಲಕ್ಕೆ ನಮ್ಮ ಹೊಗಳಿಕೆಯಲ್ಲಿ ಎಷ್ಟು ಪಾಲು ಸಿಕ್ಕಿತು? ಶ್ರವಣಕುಮಾರನ ಕಥೆಯಲ್ಲಿ ತಂದೆ ತಾಯಿ ಬುಟ್ಟಿಯಲ್ಲಿ ಕೂತಿದ್ದರು. ಸ್ಕೂಟರಿನ ಮೇಲೆ ಬುಟ್ಟಿ ಇಲ್ಲ. ಅಲ್ಲಿ ಕೂರುವುದೂ ಒಂದು ದುಡಿಮೆ. ಆದ್ದರಿಂದ ತಪ್ಪು ಸೀಟಿನದಲ್ಲ, ನೋಡುವ ಕಣ್ಣಿನದು.

ಈ ಕಣ್ಣಿಗೆ ಇನ್ನೊಂದು ಅಭ್ಯಾಸವಿದೆ: ಬೆಟ್ಟವನ್ನು ‘ಗೆದ್ದ’ ಎನ್ನುವುದು. ಖಾರ್ದುಂಗ್ ಲಾದ ಹಳೆಯ ಫಲಕದ ಮೇಲೆ 18,380 ಅಡಿ, ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಎಂದು ಬರೆದಿತ್ತು. ಲಕ್ಷಾಂತರ ಜನ ಅದರ ಮುಂದೆ ಎದೆಯುಬ್ಬಿಸಿ ಫೋಟೊ ತೆಗೆಸಿಕೊಂಡರು. ಅಳೆದು ನೋಡಿದಾಗ ಸಿಕ್ಕ ಎತ್ತರ 5,359 ಮೀಟರ್, ಅಂದರೆ 17,582 ಅಡಿ. ಆಮೇಲೆ 19,024 ಅಡಿಯ ಉಮ್ಲಿಂಗ್ ಲಾ ರಸ್ತೆ ಬಂತು. ಅಂಕಿ ಬದಲಾದರೆ ಗೆಲುವೂ ಕರಗುವುದಾದರೆ ಅದು ಎಂಥ ಗೆಲುವು? ಆ ರಸ್ತೆಗಳನ್ನು ಕಡಿದು ಕಾಯುತ್ತಿರುವುದು 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆ. ಅದರ ಕೆಳಗೆ ದುಡಿಯುವವರಲ್ಲಿ ಅನೇಕರು ಜಾರ್ಖಂಡದ ದುಮ್ಕಾ ಕಡೆಯ ಬಡವರು. ಡಾಂಬರಿನ ಡ್ರಮ್ಮಿನ ಹೊಗೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತವರನ್ನು ಕಂಡೆ. ಲಾಹೌಲಿನಲ್ಲಿ ರಸ್ತೆಯ ಅಂಚಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಜಲ್ಲಿ ಒಡೆಯುತ್ತಿದ್ದರು. ನಾನು ನೀರಿನ ಬಾಟಲಿ ಕೊಟ್ಟಾಗ ಆಕೆ ಮೊದಲು ಗಂಡನಿಗೆ ಕುಡಿಸಿ ಆಮೇಲೆ ತಾನು ಕುಡಿದಳು. ಆ ಬೆಟ್ಟದ ಮೇಲೆ ಗೆದ್ದವರು ಯಾರೂ ಇಲ್ಲ, ದುಡಿದವರಿದ್ದಾರೆ. ‘ಗೆದ್ದ’ ಎಂಬ ಮಾತು ರಸ್ತೆ ಕಡಿದವರನ್ನು ಅಳಿಸುತ್ತದೆ; ‘ಕರಕೊಂಡು ಹೋದ’ ಎಂಬ ಮಾತು ಜೊತೆ ಬಂದವಳನ್ನು ಅಳಿಸುತ್ತದೆ. ಎರಡಕ್ಕೂ ಬೇಕಾದದ್ದು ಒಬ್ಬನೇ ನಾಯಕ.

ಕೊನೆಯ ಆಕ್ಷೇಪ ದುಡ್ಡಿನದು. “ರೊಕ್ಕಾ ಹೆಚ್ಚಾಗಿದ್ದರ ಗುಡಿಗುಂಡಾರಕ್ಕರ ಹೋಗಬೇಕಿತ್ತು.” ಲೀಟರಿಗೆ 45 ಕಿ.ಮೀ. ಹಿಡಿದರೆ 6,000 ಕಿ.ಮೀ.ಗೆ 133 ಲೀಟರ್ ಪೆಟ್ರೋಲು. ನೂರು ರೂಪಾಯಿ ದರದಲ್ಲಿ ಹದಿಮೂರು ಸಾವಿರ ಚಿಲ್ಲರೆ. ಊಟ, ವಸ್ತಿ ಸೇರಿಸಿದರೂ ನಮ್ಮಲ್ಲಿ ಒಂದು ನಿಶ್ಚಯದ ದಿನದ ಪೆಂಡಾಲು, ಊಟಕ್ಕೆ ಆಗುವ ಖರ್ಚನ್ನು ಅದು ಮುಟ್ಟುವುದಿಲ್ಲ. ಹೆಸರಿನ ರಾಶಿ ಮುಗಿದು ಹಿಂಗಾರಿ ಬಿತ್ತಿಗೆಗೆ ಮೂರು ವಾರ ಉಳಿದಿದ್ದವು. ಹೊಲದ ಕೆಲಸವೂ ಕೆಡಲಿಲ್ಲ. ಹಾಗಾದರೆ ನೋಯುತ್ತಿರುವುದು ರೊಕ್ಕವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರು ಪುಕ್ಕಟೆ ಬಸ್ಸು ಹತ್ತಿ ಧರ್ಮಸ್ಥಳಕ್ಕೂ ಸವದತ್ತಿಗೂ ಹೊರಟಾಗ “ಇವರಿಗೇನು ತಿರುಗಾಟ” ಎಂಬ ಮಾತು ಇದೇ ಬಾಯಿಗಳಿಂದ ಬಂದಿತ್ತು. ಅಲ್ಲಿ ರೊಕ್ಕವೂ ಖರ್ಚಾಗಿರಲಿಲ್ಲ, ಹೋದದ್ದೂ ಗುಡಿಗೇ. ಯಾರೂ ಕರಕೊಂಡು ಹೋಗದೆ ಹೆಣ್ಣು ತಾನೇ ಹೋದದ್ದು ನೋಯಿಸಿತ್ತು.

ನಮ್ಮ ಪರಂಪರೆ ಈ ನೋವನ್ನು ಬೆಂಬಲಿಸುವುದಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಬೆಟ್ಟಕ್ಕೆ ಅಕ್ಕಮಹಾದೇವಿ ನಡೆದು ಹೋದದ್ದು ಹನ್ನೆರಡನೆಯ ಶತಮಾನದಲ್ಲಿ. ಯುಗಾದಿಗೆ ಮುಂಚೆ ಇಂದಿಗೂ ಉತ್ತರ ಕರ್ನಾಟಕದ ಊರೂರಿನಿಂದ ಗಂಡಸರು ಹೆಂಗಸರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಬೇಸಿಗೆಯ ಬಿಸಿಲಿನಲ್ಲಿ ನೂರಾರು ಕಿಲೋಮೀಟರ್ ನಡೆದು, ನಲ್ಲಮಲದ ಕಾಡು, ಏರು ದಾಟಿ ಮಲ್ಲಯ್ಯನ ಗುಡಿ ಮುಟ್ಟುತ್ತಾರೆ.

ಮೊನ್ನೆ ಅದೇ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅವರು ಹರೆಯದಲ್ಲಿ ಐದು ಸಲ ಶ್ರೀಶೈಲಕ್ಕೆ ನಡೆದವರು. ಎರಡು ಸಲ ದೊಡ್ಡಪ್ಪನೂ ಜೊತೆಗಿದ್ದರಂತೆ. ನಾನು ಪಕ್ಕದಲ್ಲಿ ಕೂತು ಕೇಳಿದೆ: “ಅತ್ತಿ, ಆ ಎರಡ ಸಲ ನಿಮ್ಮನ್ನ ಮಾವಾರ ಕರ್ಕೊಂಡ ಹೋಗಿದ್ದರೇನು?”

ಎಣ್ಣೆಯ ಕೈ ನಿಂತಿತು. “ಅವರ್ಯಾಕ ಕರ್ಕೊಂಡ ಹೋಗ್ತಾರ? ನನಗ ಕಾಲ ಇದ್ದಿಲ್ಲೇನ? ಇಬ್ಬರೂ ಹೋಗಿದ್ದಿವಿ.”

ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಅವರೂ ಸುಮ್ಮನಿದ್ದು, ನನ್ನ ಮುಖ ನೋಡಿ, ಎಣ್ಣೆಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. “ಅಷ್ಟ ದೂರ ಗಾಡಿ ಮ್ಯಾಲ ಕುಂತ ಬಂದಿ, ನಡಾ ನೋಯ್ತಿರಬೇಕು. ಹಚ್ಚಿಕೋ” ಎಂದರು. ನನ್ನ ನಡುವಿಗೂ ದಾರಿಯ ನೋವು ಉಂಟು ಎಂದು ಊರಿನಲ್ಲಿ ಮೊದಲು ಅಂದವರು ಅವರೇ.